ಬಾಗಿಲ ಸಂದಿನಲ್ಲಿ ಕಾಣುವ ಚಾಸಿಸ್

ಹಳೆಯ ಜೀಪನ್ನೋ ಕಾರನ್ನೋ ಪೂರ್ತಿ ಬಿಚ್ಚಿ, ತಿಂಗಳುಗಟ್ಟಲೆ ತುಕ್ಕು ಕೆರೆದು, ತೂತುಗಳಿಗೆ ತಗಡು ಹಚ್ಚಿ, ಬಣ್ಣ ಹೊಡೆದು, ಕೊನೆಗೆ ಬಾಡಿಯನ್ನು ಮತ್ತೆ ಚಾಸಿಸ್ ಮೇಲೆ ಇಳಿಸಿದ ದಿನ ಬಹಳ ಮಂದಿಗೆ ಒಂದೇ ತೊಂದರೆ ಎದುರಾಗುತ್ತದೆ. ಬಾಗಿಲು ಮುಚ್ಚುವುದಿಲ್ಲ. ಮುಚ್ಚಿದರೂ ಮೇಲೆ ಬೆರಳು ತೂರುವಷ್ಟು ಸಂದು, ಕೆಳಗೆ ಬಣ್ಣ ಕೆರೆಯುವಷ್ಟು ಬಿಗಿ. ಆಗ ಕೀಲು ಬಗ್ಗಿಸುತ್ತಾರೆ, ಬಾಗಿಲಿನ ಅಂಚು ತಟ್ಟುತ್ತಾರೆ, ಅಷ್ಟಕ್ಕೂ ಬಗ್ಗದಿದ್ದರೆ ಪುಟ್ಟಿ ತುಂಬಿ ಸಂದು ಸಮ ಮಾಡುತ್ತಾರೆ. ಗಾಡಿ ನಿಂತಲ್ಲಿ ಚೆನ್ನಾಗಿ ಕಾಣುತ್ತದೆ. ನಾಲ್ಕು ತಿಂಗಳು ಹಳ್ಳಿ ರಸ್ತೆಯಲ್ಲಿ ಓಡಿದ ಮೇಲೆ ಪುಟ್ಟಿ ಬಿರಿಯುತ್ತದೆ, ಬಾಗಿಲು ಮತ್ತೆ ಜೋತು ಬೀಳುತ್ತದೆ.

ಇಂಥ ಗಾಡಿಗಳಲ್ಲಿ ಬಾಗಿಲಿನ ತಪ್ಪು ಬಾಗಿಲಲ್ಲಿ ಇರುವುದು ಅಪರೂಪ. ಅದು ಎರಡಡಿ ಕೆಳಗೆ, ಬಾಡಿಯೂ ಚಾಸಿಸ್ಸೂ ಸೇರುವ ಬೋಲ್ಟುಗಳ ಹತ್ತಿರ ಇರುತ್ತದೆ. ಬಾಡಿ ಕೂರಿಸುವುದನ್ನು ರಿಸ್ಟೋರೇಷನ್ನಿನ ಕೊನೆಯ ಸಂಭ್ರಮ ಎಂದುಕೊಂಡವರು ಇಲ್ಲೇ ಎಡವುತ್ತಾರೆ. ಅದು ಅಳತೆಯ ಕೆಲಸ, ಮತ್ತು ಬಣ್ಣಕ್ಕಿಂತ ಮೊದಲು ಆಗಬೇಕಾದ ಕೆಲಸ.

ಕೋಲಾರ ಜಿಲ್ಲೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಲು ಕಾರಣವಿದೆ. ಶ್ರೀನಿವಾಸಪುರದ ಮಾವಿನ ತೋಟಗಳ ಶೆಡ್ಡುಗಳಲ್ಲಿ, ಮಾಲೂರಿನ ಹೆಂಚು-ಇಟ್ಟಿಗೆ ಕಾರ್ಖಾನೆಗಳ ಹಿಂಬದಿಯಲ್ಲಿ, ಮುಳಬಾಗಿಲಿನ ಹಳೆಯ ಮನೆಗಳ ಅಂಗಳದಲ್ಲಿ ತಾತನ ಕಾಲದ ಗಾಡಿಗಳು ಇನ್ನೂ ನಿಂತಿವೆ. ಹೆಚ್ಚಿನವು ಜೀಪುಗಳು. ಅಲ್ಲೊಂದು ಇಲ್ಲೊಂದು ಕಾರು. ಮೊಮ್ಮಕ್ಕಳು ಅವನ್ನು ಗುಜರಿಗೆ ಹಾಕದೆ ಓಡಿಸಬೇಕೆಂದು ಹೊರಟಿರುವುದು ಒಳ್ಳೆಯ ಸಂಗತಿ. ಕರಾವಳಿಯ ಉಪ್ಪುಗಾಳಿ ಇಲ್ಲಿಲ್ಲ, ಮಳೆಯೂ ಕಡಿಮೆ. ಹಾಗಾಗಿ ನಮ್ಮ ಸೀಮೆಯ ತಗಡು ಮಂಗಳೂರಿನ ಕಡೆಯ ತಗಡಿಗಿಂತ ನಿಧಾನವಾಗಿ ಸವೆಯುತ್ತದೆ. ಆದರೆ ಚಾಸಿಸ್ಸಿನ ಒಳಮೂಲೆಗಳಲ್ಲಿ ಕೂತ ಹೊಲದ ಮಣ್ಣು ಮಳೆಗಾಲದಲ್ಲಿ ನೀರು ಹೀರಿಕೊಂಡು ವಾರಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಹೊರಗೆ ಗಟ್ಟಿಯಾಗಿ ಕಾಣುವ ಕಬ್ಬಿಣ ಒಳಗಿನಿಂದ ತೆಳುವಾಗುವುದು ಹೀಗೆ.

ಮೊದಲಿಗೆ, ಯಾವ ಗಾಡಿಗೆ ಚಾಸಿಸ್ ಬೇರೆ, ಬಾಡಿ ಬೇರೆ ಎಂಬುದು ಗೊತ್ತಿರಬೇಕು. 1957ರಲ್ಲಿ ಬಂದ ಅಂಬಾಸಿಡರ್‌ಗೂ, ಫಿಯೆಟ್ 1100ರಿಂದ ಬೆಳೆದ ಪ್ರೀಮಿಯರ್ ಪದ್ಮಿನಿಗೂ ಬೇರೆಯಾಗಿ ಎತ್ತಿಡಬಲ್ಲ ಚಾಸಿಸ್ ಇಲ್ಲ. ಅವುಗಳಲ್ಲಿ ತಳ, ಕಂಬ, ಚಾವಣಿ ಎಲ್ಲ ಸೇರಿ ವೆಲ್ಡ್ ಆದ ಒಂದೇ ಕವಚ. ಭಾರ ಹೊರುವುದೂ ಅದೇ. ಇದಕ್ಕೆ ಮೊನೊಕಾಕ್ ಎನ್ನುತ್ತಾರೆ. 1922ರ ಇಟಲಿಯ ಲಾನ್ಸಿಯಾ ಲ್ಯಾಂಬ್ಡಾ ಈ ದಾರಿ ತೋರಿಸಿತು, ಎರಡನೇ ಮಹಾಯುದ್ಧದ ನಂತರ ಹೆಚ್ಚಿನ ಕಾರುಗಳು ಅದೇ ದಾರಿ ಹಿಡಿದವು. ಅಂಬಾಸಿಡರ್ ಇಟ್ಟುಕೊಂಡವರು "ಬಾಡಿ ಎತ್ತಿ ಚಾಸಿಸ್ ಕ್ಲೀನ್ ಮಾಡಿಕೊಡಿ" ಎಂದು ಕೇಳಿದರೆ ಅದು ಆಗದ ಮಾತು. ಜೀಪು, ಯುದ್ಧಕ್ಕೆ ಮುಂಚಿನ ಫೋರ್ಡ್, ಷೆವರ್ಲೆ, ಆಸ್ಟಿನ್ ಇವುಗಳಲ್ಲಿ ಎರಡು ಉದ್ದ ತೊಲೆ, ನಡುವೆ ಅಡ್ಡಪಟ್ಟಿ ಇರುವ ಚಾಸಿಸ್ ಇರುತ್ತದೆ. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಎಲ್ಲ ಅದಕ್ಕೆ ಕೂತು, ಮೇಲೆ ಬಾಡಿ ಬೋಲ್ಟಿನಲ್ಲಿ ಸೇರುತ್ತದೆ.

ಈ ಗುಂಪಿನಲ್ಲಿ ನಮಗೆ ಹತ್ತಿರದ ಒಂದು ಕಾರು ಇದೆ: ಸ್ಟ್ಯಾಂಡರ್ಡ್ ಹೆರಾಲ್ಡ್. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ 1961ರಿಂದ ಅದನ್ನು ವಂಡಲೂರಿನ ಕಾರ್ಖಾನೆಯಲ್ಲಿ ಜೋಡಿಸಿ ಮಾರಿತು. ಕೋಲಾರ, ಮುಳಬಾಗಿಲು ಎರಡೂ ಹಳೆಯ ಮದರಾಸು ರಸ್ತೆಯ ಮೇಲಿರುವ ಊರುಗಳು. ಮದರಾಸಿನ ಕಾರಿಗೆ ಈ ದಾರಿ ಅಪರಿಚಿತವಲ್ಲ. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಹೆಸರಿನಲ್ಲಿ ಹೊರಬಂದ ಈ ಕಾರಿನ ರೂಪ ಇಟಲಿಯ ಜೊವಾನ್ನಿ ಮಿಕೆಲೊಟ್ಟಿಯವರದು. ಎಲ್ಲರೂ ಮೊನೊಕಾಕ್ ಕಡೆ ಹೊರಟಿದ್ದ ಕಾಲದಲ್ಲಿ ಇದು ಮಾತ್ರ ಹಳೆಯ ಪದ್ಧತಿಯ ಚಾಸಿಸ್ ಇಟ್ಟುಕೊಂಡದ್ದು ಬಡಿವಾರಕ್ಕಲ್ಲ, ಅನಿವಾರ್ಯಕ್ಕೆ. ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ಬಾಡಿ ಒತ್ತಿಕೊಡುತ್ತಿದ್ದ ಫಿಶರ್ ಆಂಡ್ ಲಡ್ಲೋ ಸಂಸ್ಥೆಯನ್ನು 1953ರಲ್ಲಿ ಎದುರಾಳಿ ಬಿಎಂಸಿ ಕೊಂಡುಬಿಟ್ಟಿತು. ದೊಡ್ಡ ಕವಚವನ್ನು ಒಂದೇ ಕಡೆ ಮಾಡಿಸುವ ದಾರಿ ಮುಚ್ಚಿತು. ಆಗ ಬಾಡಿಯನ್ನೇ ತುಂಡು ತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ, ಚಾಸಿಸ್ ಮೇಲೆ ಬೋಲ್ಟ್ ಹಾಕಿ ಕೂಡಿಸುವ ಉಪಾಯ ಹೂಡಿದರು. ಪೆಟ್ಟಿಗೆಯಲ್ಲಿ ಬಿಡಿಭಾಗ ತರಿಸಿ ಮದರಾಸಿನಂಥ ಊರಿನಲ್ಲಿ ಜೋಡಿಸಲು ಇದಕ್ಕಿಂತ ಅನುಕೂಲ ಬೇರೆ ಇರಲಿಲ್ಲ.

ಆ ಅನುಕೂಲವೇ ಇಂದು ರಿಸ್ಟೋರ್ ಮಾಡುವವರಿಗೆ ಪರೀಕ್ಷೆ. ಹೆರಾಲ್ಡ್ ಬಾಡಿಯಲ್ಲಿ ಮುಂದಿನ ತೊಟ್ಟಿ ಒಂದು, ಹಿಂದಿನ ತೊಟ್ಟಿ ಇನ್ನೊಂದು. ಬಾಗಿಲಿನ ಕೀಲು ಇರುವ ಕಂಬ ಮೊದಲನೆಯದರಲ್ಲಿ, ಚಿಲಕ ಹಿಡಿಯುವ ಕಂಬ ಎರಡನೆಯದರಲ್ಲಿ. ಎರಡೂ ಚಾಸಿಸ್ ಮೇಲೆ ಬೇರೆ ಬೇರೆ ಬೋಲ್ಟುಗಳಲ್ಲಿ ಕೂತಿವೆ. ಚಾಸಿಸ್ ನಡುವಿನಲ್ಲಿ ಒಂದಿಷ್ಟು ಬಾಗಿದರೂ ಎರಡು ಕಂಬಗಳ ಅಂತರ ಬದಲಾಗುತ್ತದೆ. ಬಾನೆಟ್ಟಿನ ವಿಷಯ ಇನ್ನೂ ಸೂಕ್ಷ್ಮ. ಅದು ಮುಂದಕ್ಕೆ ಮಗುಚಿಕೊಳ್ಳುತ್ತದೆ, ರೆಕ್ಕೆಗಳ ಸಮೇತ. ಅದರ ಕೀಲು ಚಾಸಿಸ್ಸಿನ ಮುಂತುದಿಯಲ್ಲಿದೆ, ಬಾಡಿಯಲ್ಲಲ್ಲ. ಹಿಂದಿನ ಅಂಚು ಬಂದು ಒರಗುವುದು ಮಾತ್ರ ಬಾಡಿಯ ಪಕ್ಕ. ಹಾಗಾಗಿ ಬಾನೆಟ್ ಮುಚ್ಚಿ, ಗಾಜಿನ ಕೆಳಗೆ ಎಡದಿಂದ ಬಲಕ್ಕೆ ಸಂದು ನೋಡಿದರೆ, ಬಾಡಿ ಚಾಸಿಸ್ ಮೇಲೆ ನೆಟ್ಟಗೆ ಕೂತಿದೆಯೋ ಓರೆಯಾಗಿದೆಯೋ ಒಂದೇ ನೋಟಕ್ಕೆ ತಿಳಿಯುತ್ತದೆ. ಎಡಕ್ಕೆ ಅಗಲ, ಬಲಕ್ಕೆ ಕಿರಿದು ಎಂದರೆ ಬಾನೆಟ್ ತಟ್ಟಬೇಡಿ. ಕೆಳಗಿನ ಬೋಲ್ಟು ಸಡಿಲಿಸಿ.

ಜೀಪಿನ ಕತೆ ಸರಳ. ಮಹೀಂದ್ರ ಕಂಪನಿ ವಿಲ್ಲಿಸ್ ಜೀಪನ್ನು ಮುಂಬಯಿಯಲ್ಲಿ ಜೋಡಿಸಲು ತೊಡಗಿದ್ದು 1940ರ ದಶಕದ ಕೊನೆಯಲ್ಲಿ. ಯುದ್ಧಕಾಲದ ವಿಲ್ಲಿಸ್‌ನಲ್ಲೂ ನಂತರದ ಸಿಜೆ-3ಬಿಯಲ್ಲೂ ಮುಂಗಾಲಿಗೂ ಹಿಂಗಾಲಿಗೂ ನಡುವೆ 80 ಇಂಚು. 1980ರ ದಶಕದ ಎಂಎಂ 540ಯಲ್ಲಿ 91 ಇಂಚು. ಬಾಡಿ ಎಂದರೆ ಮೇಲೆ ತೆರೆದ ತಗಡಿನ ತೊಟ್ಟಿ, ನಾಲ್ಕೈದು ಮಂದಿ ಹಿಡಿದರೆ ಎತ್ತಬಹುದು. ಬಾಗಿಲು ಇಲ್ಲದ ಜೀಪಿಗೆ ಸಂದಿನ ಚಿಂತೆ ಇಲ್ಲ ಎಂದುಕೊಳ್ಳಬಾರದು. ಅಲ್ಲಿ ತಪ್ಪು ಬೇರೆ ಕಡೆ ಮುಖ ತೋರಿಸುತ್ತದೆ: ಕ್ಲಚ್ ಪೆಡಲ್ ತಳದ ತೂತಿನ ಅಂಚಿಗೆ ಉಜ್ಜುತ್ತದೆ, ಗೇರ್ ಲಿವರ್ ಒಂದು ಕಡೆ ಸಾಕಷ್ಟು ಸರಿಯುವುದಿಲ್ಲ, ಸ್ಟೀರಿಂಗ್ ಕಂಬ ತಿರುಗುವಾಗ ಒಂದು ಜಾಗದಲ್ಲಿ ಬಿಗಿಯಾಗುತ್ತದೆ. ಸ್ಟೀರಿಂಗ್ ಬಾಕ್ಸ್ ಚಾಸಿಸ್ ಮೇಲೆ, ಕಂಬಕ್ಕೆ ಆಸರೆ ಬಾಡಿಯ ಮೇಲೆ. ಎರಡೂ ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಆ ಬಿಗಿತ ಸದಾ ಇರುತ್ತದೆ. ಇದು ಅಂದದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ಹಾಗಾದರೆ ಕೆಲಸ ಎಲ್ಲಿಂದ ಶುರುವಾಗಬೇಕು? ಬಾಡಿ ಎತ್ತುವ ಮುಂಚಿನಿಂದ. ಪ್ರತಿ ಬೋಲ್ಟಿನ ಕೆಳಗೆ ಎಷ್ಟು ವಾಷರ್, ಎತ್ತರ ಹೊಂದಿಸಲು ಎಷ್ಟು ದಪ್ಪದ ಶಿಮ್ ತಗಡು ಇತ್ತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಫೋಟೊ ತೆಗೆದು, ಆಯಾ ಬೋಲ್ಟನ್ನು ಚೀಟಿ ಅಂಟಿಸಿದ ಪೊಟ್ಟಣದಲ್ಲಿ ಇಡಬೇಕು. ಎಡಗಡೆ ಮೂರು, ಬಲಗಡೆ ಒಂದು ಇದ್ದರೆ ಅದು ಯಾರದೋ ನಿರ್ಲಕ್ಷ್ಯ ಎಂದುಕೊಳ್ಳಬೇಡಿ. ಕಾರ್ಖಾನೆಯಲ್ಲಿ ಜೋಡಿಸಿದವರೇ ಆ ಗಾಡಿಗೆ ಬೇಕಾದಷ್ಟು ಹಾಕಿರಬಹುದು. ಬಾಗಿಲಿನ ಸಂದುಗಳನ್ನೂ ಎತ್ತುವ ಮೊದಲೇ ಅಳೆದಿಡಿ. ಹಳೆಯ ಗಾಡಿಗಳು ಹೊಸದಾಗಿದ್ದಾಗಲೂ ಇಂದಿನ ಕಾರುಗಳಷ್ಟು ಸಮ ಸಂದು ಹೊಂದಿರಲಿಲ್ಲ. ಮೂಲದಲ್ಲಿ ಇಲ್ಲದ ನಯವನ್ನು ತರಲು ಹೋಗಿ ತಗಡು ಹಾಳು ಮಾಡುವುದು ಸಲ್ಲದು.

ಎರಡನೆಯದು, ಎತ್ತುವ ಮೊದಲು ಬಾಡಿಗೆ ಕಬ್ಬಿಣದ ಆಂಗಲ್‌ಗಳನ್ನು ಅಡ್ಡ ಕೊಟ್ಟು ಬಿಗಿಯುವುದು. ಬಾಗಿಲಿನ ಮುಂಕಂಬಕ್ಕೂ ಹಿಂಕಂಬಕ್ಕೂ ನಡುವೆ ಒಂದು, ಎಡದಿಂದ ಬಲಕ್ಕೆ ಒಂದು. ತಳದ ತಗಡು ಕತ್ತರಿಸಿ ಹೊಸದು ಹಾಕುವುದಿದ್ದರೆ ಇದನ್ನು ಬಿಡುವಂತೆಯೇ ಇಲ್ಲ. ತಳ ಕಳಚಿದ ಬಾಡಿ ತನ್ನ ಭಾರಕ್ಕೇ ಬಿಚ್ಚಿಕೊಳ್ಳುತ್ತದೆ. ಆ ಸ್ಥಿತಿಯಲ್ಲಿ ಹೊಸ ತಳ ವೆಲ್ಡ್ ಮಾಡಿದರೆ ತಪ್ಪು ಆಕಾರವೇ ಕಾಯಂ ಆಗುತ್ತದೆ. ಟಿಂಕರಿಂಗ್ ಮಾಡುವವರು "ಅದೆಲ್ಲ ಬೇಡ ಸಾರ್, ಕಣ್ಣಂದಾಜಲ್ಲಿ ಹಾಕ್ತೀನಿ" ಅಂದರೆ, ವಿನಯದಿಂದಲೇ ಆದರೂ ಗಟ್ಟಿಯಾಗಿ ಆಂಗಲ್ ಹಾಕಿಸಿ. ಅವರ ಕೈಚಳಕದ ಮೇಲೆ ನನಗೆ ಅಪಾರ ಗೌರವ. ಆದರೂ ಅರ್ಧ ಸೆಂಟಿಮೀಟರ್ ಬಿಚ್ಚಿಕೊಂಡ ಬಾಡಿ ಯಾರ ಕಣ್ಣಿಗೂ ಕಾಣುವುದಿಲ್ಲ.

ಇನ್ನು ಚಾಸಿಸ್. ಬಾಡಿ ಎತ್ತಿದ ಮೇಲೆ ಅದು ಮೂಲೆಮಟ್ಟದಲ್ಲಿ ಇದೆಯೇ ಎಂದು ನೋಡುವ ಉಪಾಯ ಮನೆಗೆ ಪಾಯ ಹಾಕುವ ಮೇಸ್ತ್ರಿ ದಾರ ಹಿಡಿದು ಮಾಡುವುದೇ: ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಅಳೆಯುವುದು. ಎರಡು ಅಳತೆಯೂ ಒಂದೇ ಆದರೆ ಚೌಕ ಸರಿ. ಲೆಕ್ಕ ಹಾಕಿ ನೋಡಿ. 2 ಮೀಟರ್ ಉದ್ದ, 750 ಮಿಲಿಮೀಟರ್ ಅಗಲದ ಚಾಸಿಸ್ಸಿನಲ್ಲಿ ಮೂಲೆಯಿಂದ ಮೂಲೆಗೆ 2136 ಮಿಲಿಮೀಟರ್. ಯಾವಾಗಲೋ ಮರಕ್ಕೆ ಗುದ್ದಿ ಒಂದು ತೊಲೆ ಇನ್ನೊಂದಕ್ಕಿಂತ 5 ಮಿಲಿಮೀಟರ್ ಹಿಂದೆ ಸರಿದಿದ್ದರೆ ಒಂದು ಕರ್ಣ 2141 ಆಗುತ್ತದೆ, ಇನ್ನೊಂದು 2131. ತೊಲೆ ಸರಿದದ್ದು 5, ಟೇಪಿನಲ್ಲಿ ಕಾಣುವುದು ಹೆಚ್ಚುಕಡಿಮೆ 10. ತಪ್ಪನ್ನು ಎರಡರಷ್ಟು ಮಾಡಿ ತೋರಿಸುವ ಈ ಅಳತೆಗೆ ಬೇಕಾಗಿರುವುದು ಒಂದು ಟೇಪು, ಹಿಡಿಯಲು ಇನ್ನೊಬ್ಬರು. ಅಳೆಯುವ ಬಿಂದುಗಳು ಎರಡೂ ಕಡೆ ಒಂದೇ ಆಗಿರಬೇಕು. ಸ್ಪ್ರಿಂಗ್ ಕೂರುವ ತೂತು, ಬಾಡಿ ಬೋಲ್ಟಿನ ತೂತು ಇಂಥವು ಒಳ್ಳೆಯವು. ತೊಲೆಯ ತುದಿ ಬೇಡ, ತುದಿಯನ್ನು ಯಾರಾದರೂ ಕತ್ತರಿಸಿ ಜೋಡಿಸಿರಬಹುದು.

ಕರ್ಣಗಳ ಅಳತೆಗೆ ಸಿಗದ ತಪ್ಪು ಒಂದಿದೆ. ಅದು ತಿರುಚು. ಒಂದು ಮೂಲೆ ಮಾತ್ರ ಮೇಲೆದ್ದಿದ್ದರೆ ಮೇಲಿನಿಂದ ಹಿಡಿದ ಟೇಪಿಗೆ ಅದು ತಿಳಿಯುವುದೇ ಇಲ್ಲ. ಅದಕ್ಕೆ ಚಾಸಿಸ್ಸನ್ನು ಮಟ್ಟದ ನೆಲದ ಮೇಲೆ ನಾಲ್ಕು ಸ್ಟ್ಯಾಂಡಿನಲ್ಲಿ ಇಟ್ಟು, ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ನಾಲ್ಕೂ ಮೂಲೆಯ ಮಟ್ಟ ನೋಡಬೇಕು. ಇಲ್ಲವೇ ಎರಡು ನೇರ ಪಟ್ಟಿಗಳನ್ನು ಮುಂದೊಂದು ಹಿಂದೊಂದು ಅಡ್ಡ ಇಟ್ಟು, ಬಗ್ಗಿ ಒಂದರ ಮೇಲಿಂದ ಇನ್ನೊಂದನ್ನು ನೋಡಬೇಕು. ಪಟ್ಟಿಗಳು ಸಮಾನಾಂತರವಾಗಿ ಕಾಣದಿದ್ದರೆ ಚಾಸಿಸ್ ತಿರುಚಿದೆ. ಅದನ್ನು ನೇರ ಮಾಡದೆ ಬಾಡಿ ಕೂರಿಸಿ ಬೋಲ್ಟು ಬಿಗಿದರೆ, ಬಿಗಿದಷ್ಟೂ ತೆಳು ತಗಡಿನ ಬಾಡಿ ಚಾಸಿಸ್ಸಿನ ತಿರುಚನ್ನೇ ಅನುಸರಿಸುತ್ತದೆ. ಬಾಗಿಲಿನ ಸಂದು ಓರೆಯಾಗಿ ಕಾಣುವುದು ಆಗ.

ಚಾಸಿಸ್ ಸರಿಯಾದ ಮೇಲೆ ಒಂದು ತಾಲೀಮು ಬೇಕು. ಬಣ್ಣ ಹೊಡೆಯುವ ಮೊದಲು ಬಾಡಿಯನ್ನು ಒಮ್ಮೆ ಪೂರ್ತಿ ಕೂರಿಸಿ, ಬಾಗಿಲು, ಬಾನೆಟ್, ಡಿಕ್ಕಿ ಎಲ್ಲ ಹಾಕಿ ನೋಡಿ, ಮತ್ತೆ ಬಿಚ್ಚಬೇಕು. ಕೂಲಿ ಹೆಚ್ಚಾಗುತ್ತದೆ ಎಂದು ಇದನ್ನು ಬಿಡುವವರೇ ಹೆಚ್ಚು. ಬಣ್ಣದ ಮೇಲೆ ಮತ್ತೆ ತಟ್ಟಿ, ಮತ್ತೆ ಬಣ್ಣ ಹೊಡೆಸುವ ಖರ್ಚಿನ ಮುಂದೆ ಆ ಕೂಲಿ ಯಾವ ಲೆಕ್ಕ? ತಾಲೀಮಿನ ಹೊತ್ತಿಗೆ ಎಂಜಿನ್, ಗೇರ್‌ಬಾಕ್ಸ್ ಚಾಸಿಸ್ ಮೇಲೆ ಇರಬೇಕು. ಗಾಡಿ ತನ್ನ ನಾಲ್ಕು ಚಕ್ರಗಳ ಮೇಲೆ ನಿಂತಿರಬೇಕು. ಎಂಜಿನ್ನಿನ ಭಾರಕ್ಕೆ ಚಾಸಿಸ್ ಒಂದಿಷ್ಟು ಬಾಗುತ್ತದೆ. ನಡುವೆ ಸ್ಟ್ಯಾಂಡ್ ಕೊಟ್ಟ ಖಾಲಿ ಚಾಸಿಸ್ ಮೇಲೆ ಸಂದು ಸರಿಮಾಡಿಕೊಂಡು, ಆಮೇಲೆ ಚಕ್ರದ ಮೇಲೆ ಇಳಿಸಿದರೆ ಸರಿಮಾಡಿದ್ದೆಲ್ಲ ಕೆಡುತ್ತದೆ.

ಶಿಮ್ಮಿನ ಶಕ್ತಿ ಎಷ್ಟೆಂದು ತಿಳಿಯಲು ಇನ್ನೊಂದು ಲೆಕ್ಕ. ಬಾಡಿಯ ಮುಂಭಾಗವನ್ನು ಹಿಡಿದ ಎರಡು ಬೋಲ್ಟುಗಳು ಒಂದರ ಹಿಂದೊಂದು ಅರ್ಧ ಮೀಟರ್ ಅಂತರದಲ್ಲಿವೆ ಎನ್ನಿ. ಮುಂದಿನ ಬೋಲ್ಟಿನ ಕೆಳಗೆ 1 ಮಿಲಿಮೀಟರ್ ತಗಡು ಹೆಚ್ಚಿಗೆ ಇಟ್ಟರೆ, ಒಂದು ಮೀಟರ್ ಎತ್ತರದಲ್ಲಿರುವ ಕಂಬದ ತಲೆ 2 ಮಿಲಿಮೀಟರ್ ಹಿಂದಕ್ಕೆ ಸರಿಯುತ್ತದೆ. ಬಾಗಿಲಿನ ಸಂದು ಇರುವುದೇ ನಾಲ್ಕೈದು ಮಿಲಿಮೀಟರ್. ಹೀಗಿರುವಾಗ ಸುತ್ತಿಗೆ ಏಕೆ ಬೇಕು? ಒಂದು ಕಡೆ ಒಂದು ತಗಡು ಇಟ್ಟು, ಬಿಗಿದು, ನೋಡಿ, ಬರೆದು, ಮತ್ತೆ ಇನ್ನೊಂದು. ಒಮ್ಮೆಗೆ ಎರಡು ಕಡೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಈ ಕೆಲಸಕ್ಕೆ ಬೆಂಗಳೂರಿನ ದೊಡ್ಡ ಶೋರೂಮೇ ಬೇಕೆಂದು ನಂಬಿರುವವರಿದ್ದಾರೆ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತು ಇಲ್ಲಿ ಪೂರ್ತಿ ಅನ್ವಯಿಸುತ್ತದೆ. ಲಾರಿಗೆ ಬಾಡಿ ಕಟ್ಟುವವರು ದಿನವೂ ಮಾಡುವುದು ಇದನ್ನೇ: ಕಾರ್ಖಾನೆಯಿಂದ ಬರಿ ಚಾಸಿಸ್ ಬರುತ್ತದೆ, ಅದರ ಮೇಲೆ ಮರದ ಪ್ಯಾಕಿಂಗ್ ಹಾಸಿ, ಬಾಡಿ ಕೂರಿಸಿ, ಯೂ ಬೋಲ್ಟಿನಿಂದ ತಬ್ಬಿಸಿ ಬಿಗಿಯುತ್ತಾರೆ. ತೊಲೆಯ ಮೇಲಂಚಿಗೋ ಕೆಳಂಚಿಗೋ ತೂತು ಕೊರೆಯಬಾರದು ಎಂಬುದು ಅವರಿಗೆ ಪಾಠ ಮಾಡದೆಯೇ ಗೊತ್ತು. ಅದರ ಹಿಂದಿನ ಕಾರಣ ಜೀಪಿಗೂ ಸಲ್ಲುತ್ತದೆ. ತೊಲೆ ಭಾರಕ್ಕೆ ಬಾಗುವಾಗ ಮೇಲಂಚು ಒತ್ತಿಕೊಳ್ಳುತ್ತದೆ, ಕೆಳಂಚು ಎಳೆದುಕೊಳ್ಳುತ್ತದೆ. ನಡುವಿನ ಗೋಡೆಗೆ ಆ ಶ್ರಮ ಕಡಿಮೆ. ಅಂಚಿಗೆ ಕೊರೆದ ತೂತು ಬಿರುಕಿನ ಹುಟ್ಟು. ಹರಿಯಾಣದ ಮಂಡಿ ಡಬ್ವಾಲಿಯಂಥ ಕಡೆಯಿಂದಲೋ ಇನ್ನೆಲ್ಲಿಂದಲೋ ಸಿದ್ಧ ಜೀಪ್ ಬಾಡಿ ತರಿಸಿದವರಿಗೆ ಈ ಮಾತು ಮುಖ್ಯ. ಹೊಸ ಬಾಡಿಯ ತೂತು ಹಳೆಯ ಚಾಸಿಸ್ಸಿನ ತೂತಿಗೆ ಹೊಂದದಿದ್ದಾಗ ಡ್ರಿಲ್ ಹಿಡಿಯಬೇಕಾದ್ದು ಬಾಡಿಗೆ. ತಪ್ಪು ತೂತನ್ನು ವೆಲ್ಡಿಂಗಿನಲ್ಲಿ ಮುಚ್ಚಿ, ಸರಿಯಾದ ಜಾಗದಲ್ಲಿ ಕೊರೆಯಬಹುದು. ಚಾಸಿಸ್ ಮುಟ್ಟಬಾರದು.

ನಮ್ಮ ಐಟಿಐಗಳು ಇಂಥ ಅನುಭವಿ ಬಾಡಿ ಕೆಲಸಗಾರರನ್ನು ತರಗತಿಗೆ ಕರೆದು, ಟೇಪು, ನೀರಿನ ಪೈಪು, ಶಿಮ್ಮಿನ ಲೆಕ್ಕವನ್ನು ಅವರ ಕೈಕೆಲಸದ ಜೊತೆ ಸೇರಿಸಿ ಕಲಿಸಿದರೆ, ಹಳೆಯ ಗಾಡಿಗಳ ದುರಸ್ತಿ ಈ ತಾಲ್ಲೂಕುಗಳಲ್ಲೇ ಒಂದು ಗೌರವದ ಉದ್ಯೋಗವಾಗಬಲ್ಲದು ಎಂದು ನಾನು ದೃಢವಾಗಿ ನಂಬುತ್ತೇನೆ.

ಕಾನೂನಿನ ಮಾತನ್ನೂ ಹೇಳಬೇಕು. ಆರ್‌ಸಿಯಲ್ಲಿ ಬರೆದಿರುವ ಚಾಸಿಸ್ ನಂಬರು ಈ ಕಬ್ಬಿಣದ ಮೇಲೆ ಒತ್ತಿರುವ ನಂಬರೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ; 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ತುಕ್ಕು ಹಿಡಿದ ಚಾಸಿಸ್ ಬಿಸಾಡಿ ಗುಜರಿಯಿಂದ ಇನ್ನೊಂದು ತಂದು ಹಾಕುವುದು, ನಂಬರಿನ ಜಾಗವನ್ನು ಗ್ರೈಂಡರಿನಲ್ಲಿ ಉಜ್ಜುವುದು ಗಾಡಿಯ ಗುರುತನ್ನೇ ಅಳಿಸಿದಂತೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ನಿಯಮ ಇನ್ನೂ ಸ್ಪಷ್ಟ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಚಾಸಿಸ್, ಬಾಡಿ ಕವಚ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗದ ಗಾಡಿಗೆ ಮಾತ್ರ 'ವಿಎ' ಅಕ್ಷರಗಳ ನಂಬರು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ, ಮರುನೋಂದಣಿಗೆ 5,000. ಆ ಗಾಡಿಯನ್ನು ರ‍್ಯಾಲಿ, ಪ್ರದರ್ಶನದಂಥ ಸಂದರ್ಭಗಳಿಗೆ ಹೊರಗೆ ತರಬಹುದು, ದಿನನಿತ್ಯದ ಓಡಾಟಕ್ಕಲ್ಲ. ತುಕ್ಕು ಹಿಡಿದ ತುಂಡನ್ನಷ್ಟೇ ಕತ್ತರಿಸಿ ಅದೇ ದಪ್ಪದ ತಗಡಿನಿಂದ ಸರಿಪಡಿಸಿ, ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂಬ ಫೋಟೊ ಇಟ್ಟುಕೊಂಡ ಮಾಲೀಕನಿಗೆ ಆರ್‌ಟಿಒ ಕಚೇರಿಯಲ್ಲಿ ಮಾತಾಡಲು ಆಧಾರ ಇರುತ್ತದೆ.

ತಾಲೀಮು ಮುಗಿದು, ಬಣ್ಣ ಒಣಗಿ, ಕೊನೆಯ ಸಲ ಬಾಡಿ ಇಳಿಸುವಾಗ ನೆನಪಿಡಬೇಕಾದವು ಕೆಲವೇ. ಹಳೆಯ ರಬ್ಬರ್ ಪ್ಯಾಡುಗಳನ್ನು ಮತ್ತೆ ಹಾಕಬೇಡಿ. ಗಟ್ಟಿಯಾಗಿ ಚಪ್ಪಟೆಯಾದ ರಬ್ಬರಿನ ದಪ್ಪ ಒಂದೊಂದು ಕಡೆ ಒಂದೊಂದು ಇರುತ್ತದೆ, ನಿಮ್ಮ ಶಿಮ್ ಲೆಕ್ಕವೆಲ್ಲ ತಪ್ಪುತ್ತದೆ. ತಾಲೀಮನ್ನೂ ಹೊಸ ರಬ್ಬರಿನಲ್ಲೇ ಮಾಡಿರಬೇಕು. ಚೈನ್ ಪುಲ್ಲಿಯಲ್ಲಿ ಇಳಿಸುವಾಗ ಬ್ರೇಕ್ ಪೈಪು, ವೈರಿಂಗ್ ನಡುವೆ ಸಿಕ್ಕಿಕೊಳ್ಳದಂತೆ ಪ್ರತಿ ಮೂಲೆಯಲ್ಲಿ ಒಬ್ಬರು ಕಣ್ಣಿಟ್ಟು ನಿಲ್ಲಲಿ. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಕೊನೆಯ ಬೋಲ್ಟು ತೂತಿಗೆ ಸಿಗುವುದಿಲ್ಲ, ಆಗ ಸಬ್ಬಲಿನಿಂದ ಎತ್ತುವ ಪ್ರಸಂಗ ಬರುತ್ತದೆ. ನಡುವಿನಿಂದ ಹೊರಕ್ಕೆ, ಸ್ವಲ್ಪ ಸ್ವಲ್ಪವಾಗಿ, ನಡುನಡುವೆ ಬಾಗಿಲು ಮುಚ್ಚಿ ನೋಡುತ್ತ ಬಿಗಿಯಿರಿ.

ಇದೆಲ್ಲ ಆದ ಮೇಲೆ ಲೈಟು ಮಂಕಾಗಿ ಉರಿಯುತ್ತದೆ, ಹಾರ್ನ್ ಕೀರಲಾಗುತ್ತದೆ ಎಂದು ಹಲವರು ಡೈನಮೊ, ಬ್ಯಾಟರಿ ಬದಲಿಸುತ್ತಾರೆ. ಕಾರಣ ಸರಳ. ಬಾಡಿಗೂ ಚಾಸಿಸ್ಸಿಗೂ ನಡುವೆ ಈಗ ಹೊಸ ರಬ್ಬರು, ಬೋಲ್ಟಿನ ಸುತ್ತ ಹೊಸ ಬಣ್ಣ. ಕರೆಂಟು ಹಿಂದಿರುಗಲು ಕಬ್ಬಿಣದಿಂದ ಕಬ್ಬಿಣಕ್ಕೆ ದಾರಿಯೇ ಇಲ್ಲ. ಬಾಡಿಯಲ್ಲೊಂದು, ಚಾಸಿಸ್ಸಿನಲ್ಲೊಂದು ಜಾಗವನ್ನು ಬಣ್ಣ ಕೆರೆದು ಹೊಳೆಯಿಸಿ, ದಪ್ಪ ಅರ್ಥಿಂಗ್ ವೈರು ಬಿಗಿದರೆ ಸಾಕು. ಆಮೇಲೆ ಅದರ ಮೇಲೆ ಗ್ರೀಸ್ ಸವರಿ.

ಮೊದಲ ಕೆಲವು ನೂರು ಕಿಲೋಮೀಟರ್ ಓಡುವಷ್ಟರಲ್ಲಿ ರಬ್ಬರು ಅದುಮಿಕೊಂಡು ಬೋಲ್ಟುಗಳು ಸಡಿಲವಾಗುತ್ತವೆ. ಕೋಲಾರದಿಂದ ಮುಳಬಾಗಿಲಿಗೆ ಹೆದ್ದಾರಿಯಲ್ಲಿ ಹೋಗಿಬಂದರೆ ಇದು ತಿಳಿಯಲಿಕ್ಕಿಲ್ಲ. ಶ್ರೀನಿವಾಸಪುರದ ಕಡೆಯ ತೋಟದ ದಾರಿಗಳಲ್ಲಿ ಓಡಿಸಿ, ಗಾಡಿಯನ್ನು ವಾಪಸು ಶೆಡ್ಡಿಗೆ ತಂದು, ಕೆಳಗೆ ಮಲಗಿ ಒಂದೊಂದೇ ಬೋಲ್ಟನ್ನು ಪಾನದಲ್ಲಿ ಪರೀಕ್ಷಿಸಿ, ಸಂದುಗಳನ್ನು ಮತ್ತೊಮ್ಮೆ ಅಳೆದು ಅದೇ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯಿರಿ. ಆ ಪುಸ್ತಕ ಆರ್‌ಸಿಯ ಜೊತೆ ಇರಲಿ. ಮುಂದೆ ಈ ಗಾಡಿಯನ್ನು ಬಿಚ್ಚುವ ಟಿಂಕರ್‌ಗೆ ಎಡಗಡೆ ಮೂರು ತಗಡು ಏಕಿವೆ ಎಂಬುದು ತಿಳಿಯಬೇಕಲ್ಲ.